ಹುಲ್ಲಿನ ರನ್‌ವೇ ಮೇಲೆ ರಂಗೋಲಿ

ಸಿಕಮೋರ್, ಇಲಿನಾಯ್
ಭಾನುವಾರ, ಜೂನ್ ೨೬, ೨೦೦೫

ಪ್ರೀತಿಯ ಫರೀದಾ,

ನೀನು ಫೋನ್ ಎತ್ತುವುದಿಲ್ಲವೆಂದು ಗಟ್ಟಿ ಮನಸ್ಸು ಮಾಡಿದ್ದೀಯೆಂದು ಗೊತ್ತಾದ ಮೇಲೆ ಈ ಕಾಗದಕ್ಕೆ ಕೂತಿದ್ದೇನೆ. ನಿಮ್ಮ ಮನೆಯ ಆನ್ಸರಿಂಗ್ ಮಶೀನಿನಲ್ಲಿ ಅಕ್ರಮ್ ಭಾಯಿಯ ಇಂಗ್ಲಿಷ್ ಕೇಳಿ ಕೇಳಿ ನನಗೆ ಬಾಯಿಪಾಠವಾಗಿದೆ. ಇ-ಮೇಲ್ ಮಾಡು ಅಂತ ಮಗಳು ವರ್ಷಾ ಹೇಳಿದಳು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಜಗಳವಾಡುವ ವಿದ್ಯೆ ನನಗೆ ಬರುವುದಿಲ್ಲ. ಅದೂ ಅಲ್ಲದೆ ನಿಮ್ಮ ಯಜಮಾನರು ಉರ್ದು ಶಾಲೆಯಲ್ಲಿ ಓದಿದವರು. ಮಾತಿನಲ್ಲಿ ದಾವಣಗೆರೆ ಕನ್ನಡವನ್ನು ಮಂಡಕ್ಕಿಯ ಹಾಗೆ ಉದುರಿಸಿದರೂ ಓದಲು ಕೂತರೆ ಸಾಲಿಗೊಂದು ಚಹಾ ಬೇಕು ಅವರಿಗೆ. ಹಾಗಾಗಿ ಈ ಕಾಗದ ಮೊದಲು ನಿನ್ನ ಕೈಯಲ್ಲೇ ಇರುತ್ತದೆ. ಎಷ್ಟು ಹೇಳಬೇಕು ಅನ್ನಿಸುತ್ತದೋ ಅಷ್ಟನ್ನು ಅವರಿಗೆ ಓದಿ ಹೇಳು.

ಮುಖ್ಯ ಮಾತು ಮೊದಲು ಹೇಳಿಬಿಡುತ್ತೇನೆ. ಜೂನ್ ಹನ್ನೊಂದರ ಶನಿವಾರ ನಮ್ಮ ಹೊಲದ ಮೇಲೆ ಮೂರು ಸುತ್ತು ಹಾಕಿ ತಿರುಗಿ ಹೋದ ನೀಲಿ ಪಟ್ಟೆಯ ವಿಮಾನ ನಿಮ್ಮದೇ. ಅದನ್ನು ಗುರುತು ಹಿಡಿಯಲು ನಮ್ಮವರಿಗೆ ಬಾಲದ ಮೇಲಿನ ನಂಬರು ಬೇಕಿರಲಿಲ್ಲ. ಶಾಮ್‌ಬರ್ಗ್‌ನಲ್ಲಿ ಇದ್ದಾಗ ಇಬ್ಬರೂ ಪಾಲು ಹಾಕಿ ಕೊಂಡ ವಿಮಾನ ಅದು, ಮಿಶಿಗನ್‌ಗೆ ಹೋಗುವಾಗ ನಮ್ಮ ಪಾಲನ್ನೂ ಕೊಂಡು ನೀವು ಒಯ್ದದ್ದು. ಭಾನುವಾರಕ್ಕೊಮ್ಮೆ ಅದನ್ನು ಎಮ್ಮೆ ತೊಳೆದ ಹಾಗೆ ತೊಳೆಯುತ್ತಿದ್ದರು, ನಾವಿಬ್ಬರೂ ನೆರಳಲ್ಲಿ ಕೂತು ನಗುತ್ತಿದ್ದೆವು, ನೆನಪಿದೆಯಲ್ಲ? ನೀವು ಬಂದಿರಿ, ಇಳಿಯಲಿಲ್ಲ. ನಾವು ಕರೆದು ಬಾಗಿಲು ಹಾಕಿಕೊಂಡೆವು ಅಂತ ಅಕ್ರಮ್ ಭಾಯಿ ತಿಳಿದಿರಬೇಕು. ಹಾಗಲ್ಲ ಫರೀದಾ. ನಾವು ರನ್‌ವೇ ಮುಚ್ಚಿರಲಿಲ್ಲ. ಅವರು ಇನ್ನೊಮ್ಮೆ ಬಂದು ಇಲ್ಲಿ ಇಳಿಯಬೇಕು. ನನಗೆ ಬೇಕಾಗಿರುವುದು ಇಷ್ಟೇ, ಉಳಿದದ್ದೆಲ್ಲ ಅದು ಹೇಗಾಯಿತು ಎಂಬ ಪುರಾಣ.

ನೀವು ಈ ಜಾಗ ನೋಡಿಲ್ಲ. ಎಲ್ಜಿನ್ ಆಸ್ಪತ್ರೆಯಲ್ಲಿ ಇವರು ಜನರಿಗೆ ಅರಿವಳಿಕೆ ಕೊಟ್ಟು ಮಲಗಿಸುವ ಕೆಲಸ ಕಡಿಮೆ ಮಾಡಿಕೊಂಡ ಮೇಲೆ, ಎರಡು ವರ್ಷದ ಹಿಂದೆ, ಇಲ್ಲಿ ಒಂದು ಹಳೆಯ ಫಾರ್ಮ್ ಕೊಂಡೆವು. ಮನೆಯ ಅಡಿಗೆಕೋಣೆ ನೋಡಿದರೆ ನಿನಗೆ ಅಳು ಬರುತ್ತದೆ, ಒಲೆಯ ಮೇಲೆ ಕುಕ್ಕರ್ ಇಟ್ಟು ತಲೆ ಎತ್ತಿದರೆ ಕಪಾಟಿಗೆ ಬಡಿಯುತ್ತದೆ. ಇವರು ಅಡಿಗೆಕೋಣೆ ನೋಡಲೇ ಇಲ್ಲ. ಮನೆಯ ಹಿಂದೆ, ಎರಡು ಜೋಳದ ಹೊಲಗಳ ನಡುವೆ, ಹಿಂದಿನ ಮಾಲೀಕ ತನ್ನ ಸಣ್ಣ ವಿಮಾನಕ್ಕೆಂದು ಬಿಟ್ಟುಕೊಂಡಿದ್ದ ಉದ್ದನೆಯ ಹುಲ್ಲಿನ ಪಟ್ಟಿಯಿತ್ತು. ಅದರ ಮೇಲೆ ಆ ತುದಿಯಿಂದ ಈ ತುದಿಗೆ ನಡೆದು ಬಂದು, "ನೀಲಾ, ಇದು ಸಾಕು" ಅಂದರು. ಮನೆ ಸಾಕೋ ಹುಲ್ಲು ಸಾಕೋ ಅಂತ ನಾನು ಕೇಳಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಕೆಲವನ್ನು ಕೇಳಬಾರದು.

ಈಗ ಆ ಹುಲ್ಲೇ ಅವರ ಮಗು. ಶುಕ್ರವಾರ ಬಂತೆಂದರೆ ಟ್ರ್ಯಾಕ್ಟರ್ ಹತ್ತಿ ಕತ್ತರಿಸುತ್ತಾರೆ. ಹೆಗ್ಗಣ ತೋಡಿದ ಬಿಲಗಳನ್ನು ಕೈಯಾರೆ ಮುಚ್ಚುತ್ತಾರೆ. ಎರಡೂ ಅಂಚಿಗೆ ಹಳೆಯ ಟೈರುಗಳಿಗೆ ಬಿಳಿ ಬಣ್ಣ ಬಳಿದು ಸಾಲಾಗಿ ಇಟ್ಟಿದ್ದಾರೆ. ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ತೋರಿಸುವ ಬಟ್ಟೆಯ ಚೀಲವೊಂದು ಕಂಬದ ಮೇಲೆ ಇರುತ್ತದಲ್ಲ, ಅದು ಹರಿದು ಚಿಂದಿಯಾಗಿತ್ತು. ಅಂಗಡಿಯಿಂದ ತರಿಸುತ್ತೇನೆ ಎಂದರು. ಅಷ್ಟರಲ್ಲಿ ಗದಗಿನಿಂದ ನಮ್ಮ ಅತ್ತೆ ಬಂದಿದ್ದರು. ಕಮಲವ್ವ ಅಂದರೆ ನಿನಗೆ ಗೊತ್ತಲ್ಲ, ನಿನಗೆ ರೊಟ್ಟಿ ಬಡಿಯಲು ಕಲಿಸಿದವರು, ನಿನ್ನ ಮೊದಲ ರೊಟ್ಟಿ ನೋಡಿ "ಇದು ಯಾವ ದೇಶದ ನಕ್ಷೆ ಬೇ" ಎಂದವರು. ಅವರು ಪೆಟ್ಟಿಗೆಯಿಂದ ತಮ್ಮ ಕೆಂಪು ಇಲಕಲ್ ಸೀರೆ ತೆಗೆದು ಕೊಟ್ಟು, "ಅಂಗಡಿದು ಯಾಕ? ಇದರಾಗ ಹೊಲಿ" ಅಂದರು. ಸೀರೆ ಹಳೆಯದು, ಸೆರಗು ಗಟ್ಟಿಯಿತ್ತು. ಅಂಚು ಸುತ್ತಲೂ ಬರುವ ಹಾಗೆ ಹೊಲಿದೆ. ಇಡೀ ಇಲಿನಾಯ್‌ನಲ್ಲಿ ಇಂಥ ಗಾಳಿಚೀಲ ಇನ್ನೊಂದಿಲ್ಲ ಅಂತ ಇವರು ಬಂದವರಿಗೆಲ್ಲ ಹೇಳುತ್ತಾರೆ.

ಎಲ್ಲ ಸಿದ್ಧವಾದ ಮೇಲೆ ಪೈಲಟ್ ಗೆಳೆಯರನ್ನು ಕರೆಯಬೇಕು ಎಂಬ ಹುಚ್ಚು ಹತ್ತಿತು. ನಮ್ಮದು ಖಾಸಗಿ ರನ್‌ವೇ, ಕರೆಯದೆ ಯಾರೂ ಇಳಿಯುವ ಹಾಗಿಲ್ಲ. ಆದ್ದರಿಂದ ಶಾಮ್‌ಬರ್ಗ್, ಡಿಕಾಲ್ಬ್, ಜೋಲಿಯೆಟ್, ಎಲ್ಲ ಕಡೆಯ ಗೆಳೆಯರಿಗೂ ಕಾರ್ಡು ಹೋಯಿತು. ಶನಿವಾರ ಬೆಳಿಗ್ಗೆ ಹಾರಿ ಬನ್ನಿ, ಹುಲ್ಲಿನ ಮೇಲೆ ಇಳಿಯಿರಿ, ತಿಂಡಿ ತಿಂದು ಹೋಗಿ. ಎಲ್ಲರಿಗೂ ಅಚ್ಚು ಹಾಕಿಸಿದ ಕಾರ್ಡು. ನಿಮ್ಮ ಮನೆಗೆ ಮಾತ್ರ ಕೈಬರಹ. ಮೂರು ಸಲ ಹರಿದು ಬರೆದರು, ನಾನು ನೋಡಿದ್ದೇನೆ.

ಅಕ್ರಮ್ ಭಾಯಿ ಬರುವರೆಂದು ಇವರಿಗೆ ನಂಬಿಕೆ ಇರಲಿಲ್ಲ. ವಿಮಾನಗಳು ಗೋಪುರಗಳಿಗೆ ಬಡಿದ ಆ ಸೆಪ್ಟೆಂಬರ್ ಆದ ಮೇಲೆ ಅವರು ಹಾರುವುದು ಬಿಟ್ಟರು ಅಂತ ನೀನೇ ಹೇಳಿದ್ದೆ. ಏರ್‌ಪೋರ್ಟಿನಲ್ಲಿ ಹತ್ತು ವರ್ಷ ಒಂದೇ ಮೇಜಿನಲ್ಲಿ ಕಾಫಿ ಕುಡಿದವರು, "ಇವತ್ತು ಎಲ್ಲಿಗೆ ಹೊರಟೆ ಅಕ್ರಮ್?" ಅಂತ ಬೇರೆಯದೇ ದನಿಯಲ್ಲಿ ಕೇಳಿದರಂತೆ. ಅಷ್ಟೇ, ಕೀಲಿ ಡ್ರಾಯರಿಗೆ ಹಾಕಿಬಿಟ್ಟರಂತೆ. ಆಮೇಲೆ ನಮ್ಮ ಫೋನಿಗೂ ಉತ್ತರ ಕಡಿಮೆಯಾಯಿತು. ತನ್ನಿಂದ ಗೆಳೆಯರಿಗೂ ತೊಂದರೆ ಬೇಡ ಅಂದುಕೊಂಡರೇನೋ. ತೊಂದರೆಯನ್ನೂ ಪಾಲು ಹಾಕಿಕೊಳ್ಳಲಾಗದಿದ್ದರೆ ವಿಮಾನ ಯಾಕೆ ಪಾಲು ಹಾಕಿಕೊಳ್ಳಬೇಕಿತ್ತು, ಕೇಳು ಅವರನ್ನು. ನನಗೆ ಇದರ ಬಗ್ಗೆ ನಿಜವಾಗಿಯೂ ಸಿಟ್ಟಿದೆ.

ಇನ್ನು ಹಿಂದಿನ ದಿನದ ಕಥೆ. ಶುಕ್ರವಾರ ಸಂಜೆ ಇವರು ಡೆವಾನ್ ಅವೆನ್ಯೂದ ಇಂಡಿಯನ್ ಅಂಗಡಿಗಳಿಗೆ ತರಕಾರಿ, ಸಿಹಿ ತರಲು ಹೋಗಿದ್ದರು. ಅತ್ತೆ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ಹುಲ್ಲನ್ನು ನೋಡಿ, "ಮಂದಿ ಮ್ಯಾಲಿಂದ ಬರ್ತಾರ. ಅಂಗಳ ಹಿಂಗ ಬೋಳ ಬಿಡೂದೇನ?" ಅಂದರು. ನಮ್ಮ ಮನೆಗಳಲ್ಲಿ ಬಾಗಿಲಿಗೆ ರಂಗೋಲಿ ಇಲ್ಲದೆ ಬೀಗರನ್ನು ಕರೆದವರುಂಟೆ? ಬರುವವರು ಆಕಾಶದಿಂದ ಬರುವುದಾದರೆ ರಂಗೋಲಿಯೂ ಆಕಾಶಕ್ಕೆ ಕಾಣುವಷ್ಟು ದೊಡ್ಡದಿರಬೇಕು. ನನಗೂ ಅದು ಸರಿಯಾಗಿಯೇ ಕಂಡಿತು. ಶೆಡ್‌ನಲ್ಲಿ ಹಳೆಯ ಮಾಲೀಕ ದನದ ಕೊಟ್ಟಿಗೆಗೆ ಇಟ್ಟಿದ್ದ ಸುಣ್ಣದ ಪುಡಿಯ ಚೀಲಗಳಿದ್ದವು. ವರ್ಷಾ ತನ್ನ ಶಾಲೆಯಿಂದ ಸಾಕರ್ ಮೈದಾನಕ್ಕೆ ಬಿಳಿ ಗೆರೆ ಎಳೆಯುವ ತಳ್ಳುಗಾಡಿ ತಂದಳು. ರಂಗೋಲಿಗೆ ಮೊದಲು ಅಳತೆ ಬೇಕಲ್ಲ, ಅತ್ತೆ ರನ್‌ವೇಯ ಆರಂಭದಲ್ಲಿ ನಾಲ್ಕು ಮೂಲೆಗೆ ನಾಲ್ಕು ಟೈರು ಇಡಿಸಿ, ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆಸಿದರು. ಗಾಡಿ ದಪ್ಪವಾಗಿ ಸುಣ್ಣ ಸುರಿಯಿತು. ಆಮೇಲೆ ಆ ಗೆರೆಗಳ ನಡುವೆ ನಾವಿಬ್ಬರೂ ಕೈಯಲ್ಲೇ ತಾವರೆ ಎಸಳು, ಬಳ್ಳಿ, ಚುಕ್ಕಿ, ಏನೆಲ್ಲ ಬಿಟ್ಟೆವು. ಸೊಂಟ ಬಿದ್ದುಹೋಯಿತು. ಇವರು ಬಂದು ನೋಡಿ, "ಯವ್ವಾ, ಏನ್ ಚಂದ ಆಗೇತಿ!" ಅಂತ ಸುತ್ತಲೂ ನಡೆದಾಡಿ, ಒಂದು ಎಸಳಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಇಷ್ಟು ವರ್ಷ ಹಾರಿದ ಮನುಷ್ಯ, ನೆಲದ ಮೇಲೆ ನಿಂತು ಎಸಳು ನೋಡಿದರು, ಗೆರೆ ನೋಡಲಿಲ್ಲ.

ಶನಿವಾರ ಬೆಳಿಗ್ಗೆ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ನಲವತ್ತು ಜನಕ್ಕೆ ಉಪ್ಪಿಟ್ಟು, ಮಿರ್ಚಿ ಭಜಿ, ಗೋಧಿ ಹುಗ್ಗಿ. ಅತ್ತೆ ಶೆಡ್‌ನಲ್ಲಿ ಪೂಜೆಗೆ ಇವರನ್ನು ಕೂರಿಸಿದರು. ಟ್ರ್ಯಾಕ್ಟರಿಗೆ ವಿಭೂತಿ, ಹೂವು. ಇವರ ಕೈಯಲ್ಲಿ ವಿಮಾನದವರೊಡನೆ ಮಾತಾಡುವ ಪುಟ್ಟ ರೇಡಿಯೋ ಇತ್ತು. ಅದು ಗೊರಗೊರ ಅನ್ನುತ್ತಿತ್ತು. "ಆ ಗೊರಗೊರ ಮೊದಲ ಬಂದ್ ಮಾಡು, ದೇವರಿಗೆ ಮಂತ್ರ ಕೇಳಸಂಗಿಲ್ಲ" ಅಂತ ಅತ್ತೆ ಅದನ್ನು ಕಿತ್ತುಕೊಂಡು ಆಫ್ ಮಾಡಿಸಿ ಎಲ್ಲೋ ಇಟ್ಟುಬಿಟ್ಟರು. ಅರ್ಧ ಪೂಜೆಯಲ್ಲಿ ತಲೆಯ ಮೇಲೆ ವಿಮಾನಗಳ ಸದ್ದು. ಇವರು ಕುಳಿತಲ್ಲೇ ಕುಣಿಯತೊಡಗಿದರು. "ಮಂಗಳಾರತಿ ಆಗೂತನಕ ಏಳಬ್ಯಾಡ. ಅವರೇನ ಓಡಿ ಹೊಕ್ಕಾರ?" ಅಂದರು ಅತ್ತೆ. ಓಡಿಹೋದರು, ಫರೀದಾ. ನಾವು ಆರತಿ ಮುಗಿಸಿ ಹೊರಗೆ ಬರುವಷ್ಟರಲ್ಲಿ ದೂರದಲ್ಲಿ ಚುಕ್ಕಿಗಳು. ಗಾಳಿ ನೋಡಿಕೊಂಡು ತಿರುಗಿ ಬರುತ್ತಾರೆ ಅಂತ ಇವರು ಸಮಾಧಾನ ಹೇಳಿದರು. ಯಾರೂ ಬರಲಿಲ್ಲ. ಉಪ್ಪಿಟ್ಟು ಆರಿತು.

ಬಹಳ ಹೊತ್ತಿನ ಮೇಲೆ ಪೂರ್ವದಿಂದ ನೀವು ಬಂದಿರಿ. ಇವರು "ಅಕ್ರಮ್! ಅಕ್ರಮ್ ಬಂದ!" ಅಂತ ಕೂಗಿದ್ದು ನಿಮಗೆ ಕೇಳಿಸಬೇಕಿತ್ತು. ನಾನು, ವರ್ಷಾ, ಅತ್ತೆ, ಎಲ್ಲರೂ ತಲೆಯ ಮೇಲೆ ಎರಡೂ ಕೈ ಎತ್ತಿ ಬೀಸಿದೆವು. ಅತ್ತೆ ಸೆರಗು ಬೀಸಿದರು. ಇಳಿಯಬೇಡ ಎಂದು ಹೇಳುವುದಕ್ಕೂ ಹೀಗೇ ಬೀಸುತ್ತಾರೆ ಅಂತ ನನಗೇನು ಗೊತ್ತು? ಮೂರು ಸುತ್ತು, ಮೂರೂ ಒಂದೇ ಎತ್ತರದಲ್ಲಿ, ಗೆರೆ ಎಳೆದ ಹಾಗೆ. ಇವರು ರೇಡಿಯೋ ಹುಡುಕಿ ಓಡಿದರು. ಅದು ಹೂವಿನ ಬುಟ್ಟಿಯೊಳಗೆ ಸಿಕ್ಕಿತು. ಹಚ್ಚಿ ನಿಮ್ಮನ್ನು ಕರೆಯುವಷ್ಟರಲ್ಲಿ ನೀವು ಜೋಳದ ಹೊಲ ದಾಟಿದ್ದಿರಿ. ಸಂಜೆಯತನಕ ಇವರು ಒಂದೇ ಮಾತು: "ಅಕ್ರಮ್ ಎಂದೂ ಮೂರು ಸುತ್ತು ಹಾಕುವವನಲ್ಲ. ಒಂದೇ ಸುತ್ತು, ಇಳಿದರೆ ಇಳಿದ, ಹೋದರೆ ಹೋದ. ಇಷ್ಟು ತಾಳ್ಮೆ ಅವನಿಗೆ ಯಾವಾಗ ಬಂತು?"

ಮಧ್ಯಾಹ್ನ ಜೋಲಿಯೆಟ್‌ನ ಗೆಳೆಯರೊಬ್ಬರು ಫೋನ್ ಮಾಡಿ, ಮನೆಯಲ್ಲಿ ಎಲ್ಲ ಕ್ಷೇಮವೇ, ರನ್‌ವೇ ಯಾಕೆ ಮುಚ್ಚಿದಿರಿ, ಗುರುವಾರದ ಮಳೆಗೆ ನೆಲ ಕೆಸರಾಯಿತೇ ಅಂತ ಕೇಳಿದರು. ಮೊದಲು ಬಂದವರು ಗುರುತು ನೋಡಿ, ಹಿಂದೆ ಬರುತ್ತಿದ್ದವರಿಗೆಲ್ಲ ರೇಡಿಯೋದಲ್ಲಿ ಹೇಳಿದರಂತೆ. ಎಲ್ಲರೂ ಸೇರಿ ಡಿಕಾಲ್ಬ್‌ಗೆ ಹೋಗಿ ಆಮ್ಲೆಟ್ ತಿಂದರಂತೆ! ಇವರಿಗೆ ಏನೂ ಅರ್ಥವಾಗಲಿಲ್ಲ. ವರ್ಷಾ ಪಕ್ಕದ ಹೊಲದಲ್ಲಿ ಕಾಳು ತುಂಬಿಡುವ ಎತ್ತರದ ಗೋಪುರದ ಏಣಿ ಹತ್ತಿ ನೋಡಿ ಮೇಲಿಂದಲೇ ಕೂಗಿದಳು: "ಡ್ಯಾಡ್! ಇಟ್ಸ್ ಎ ಜಯಂಟ್ ಎಕ್ಸ್!" ಎಸಳು, ಬಳ್ಳಿ, ಚುಕ್ಕಿ ಯಾವುದೂ ಮೇಲಿಂದ ಕಾಣುವುದಿಲ್ಲವಂತೆ. ಕಾಣುವುದು ಆ ಎರಡು ದಪ್ಪ ಗೆರೆ ಮಾತ್ರ. ರನ್‌ವೇ ಮೇಲೆ ಹಾಗೆ ಬಿಳಿಯ ಅಡ್ಡಗೆರೆಗಳಿದ್ದರೆ ಇದು ಮುಚ್ಚಿದೆ, ಇಳಿಯಬೇಡಿ ಎಂದರ್ಥ. ಪೈಲಟ್ ಆದವನಿಗೆ ಅದು ಮೊದಲ ಪಾಠವಂತೆ. ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುತ್ತಾರಲ್ಲ, ನಾವು ಬನ್ನಿ ಎಂದು ಬರೆದದ್ದೇ ಬರಬೇಡಿ ಎಂದಾಗಿತ್ತು.

ಇವರು ಹುಲ್ಲಿನ ಮೇಲೆ ಕೂತುಬಿಟ್ಟರು. ಬೈಯುತ್ತಾರೆ ಅಂದುಕೊಂಡೆ. ನಕ್ಕರು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡು, "ಅಕ್ರಮ್ ಒಬ್ಬ ನಿಂತಿದ್ದರೆ ಉಳಿದವರು ಹೋದದ್ದಕ್ಕೆ ನನಗೇನೂ ಅನಿಸುತ್ತಿರಲಿಲ್ಲ" ಅಂದರು. ಅತ್ತೆಗೆ ಈ ಸಂಗತಿ ಹೇಳಿಲ್ಲ. ಗಾಳಿ ಸರಿ ಇರಲಿಲ್ಲ, ಅದಕ್ಕೇ ಯಾರೂ ಇಳಿಯಲಿಲ್ಲ ಅಂದಿದ್ದೇವೆ. ತಮ್ಮ ರಂಗೋಲಿ ಅತಿಥಿಗಳನ್ನು ತಿರುಗಿ ಕಳಿಸಿತು ಎಂದು ಆ ಜೀವಕ್ಕೆ ಯಾಕೆ ಗೊತ್ತಾಗಬೇಕು? ಬಂದಾಗ ನೀವೂ ಬಾಯಿ ಬಿಡಬೇಡಿ. ಹುಗ್ಗಿಯನ್ನು ಲೆಮಾಂಟ್ ದೇವಸ್ಥಾನಕ್ಕೆ ಕೊಟ್ಟು ಬಂದೆವು. ಯಾವ ಹಬ್ಬ ಇವತ್ತು ಅಂತ ಎಲ್ಲರೂ ಕೇಳಿದರು.

ಈಗ ಕರೆಯುತ್ತಿರುವುದು ನಿಮ್ಮನ್ನು ಮಾತ್ರ. ಜುಲೈಯಲ್ಲಿ ಯಾವ ಶನಿವಾರವಾದರೂ ಸರಿ. ಇವರು ಪ್ರತಿ ಸಲ ಫೋನಿನಲ್ಲಿ ಒಪ್ಪಿಸುವುದನ್ನು ಕೇಳಿ ಕೇಳಿ ನನಗೂ ಬರುತ್ತದೆ: ಉತ್ತರದ ತುದಿಯಲ್ಲಿ ಓಕ್ ಮರಗಳಿವೆ, ಆದ್ದರಿಂದ ದಕ್ಷಿಣದಿಂದ ಬರುವುದು ಒಳ್ಳೆಯದು. ರಸ್ತೆಯ ಬದಿಗೆ ಕರೆಂಟಿನ ತಂತಿ ಇದೆ, ಎತ್ತರ ಕಾಯ್ದುಕೊಳ್ಳಬೇಕು. ಬಿಳಿ ಟೈರುಗಳ ನಡುವೆ ಇಳಿಯಬೇಕು. ಬೆಳಗಿನ ಇಬ್ಬನಿ ಆರುವ ಮುಂಚೆ ಹುಲ್ಲು ಜಾರುತ್ತದೆ, ಬ್ರೇಕನ್ನು ನಂಬಬಾರದು. ಇನ್ನೊಂದು. ಸುಣ್ಣವನ್ನು ತೊಳೆದೆವು, ನಿಜ. ಆದರೆ ಸುಣ್ಣ ಬಿದ್ದ ಕಡೆ ಹುಲ್ಲು ಗೊಬ್ಬರ ಕಂಡ ಹಾಗೆ ಎದ್ದಿದೆ. ಮೇಲಿಂದ ಹಸಿರು ಎಕ್ಸ್ ಒಂದು ಕಂಡರೆ ಕಾಣಬಹುದು. ಅದನ್ನು ಲೆಕ್ಕಕ್ಕೆ ಇಡಬೇಡಿ, ಇಳಿಯಿರಿ.

ಅತ್ತೆಯ ವೀಸಾ ಆಗಸ್ಟ್‌ವರೆಗೆ ಇದೆ. ನಿನ್ನ ರೊಟ್ಟಿ ಈಗ ದುಂಡಗೆ ಬರುತ್ತದೋ ಇಲ್ಲವೋ ನೋಡಬೇಕಂತೆ.

ಸಿಟ್ಟು ಅರ್ಧ, ಪ್ರೀತಿ ಪೂರ್ತಿ,
ನಿನ್ನ
ನೀಲಗಂಗಾ

ತಾ.ಕ.: ಇದನ್ನು ಅಕ್ರಮ್ ಭಾಯಿಗೆ ಓದಿ ಹೇಳಬೇಡ. ಇಷ್ಟು ಬರೆದೂ ಒಂದನ್ನು ಬರೆದಿಲ್ಲ. ಜನವರಿಯಲ್ಲಿ ಇವರ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿದರು. ಪೈಲಟ್ ಮೆಡಿಕಲ್, ಅದೇ ಹಾರಿಸಲು ಬೇಕಾದ ಆರೋಗ್ಯದ ಸರ್ಟಿಫಿಕೇಟು, ಸಿಗಲಿಲ್ಲ. ಮತ್ತೆ ಅಪ್ಲೈ ಮಾಡಬಹುದು ಅನ್ನುತ್ತಾರೆ, ಇವರು ಮಾಡುತ್ತಿಲ್ಲ. ನಾವು ಆಮೇಲೆ ಕೊಂಡಿದ್ದ ವಿಮಾನವನ್ನು ಮಾರ್ಚಿನಲ್ಲಿ ಮಾರಿದೆವು, ಶೆಡ್‌ನಲ್ಲಿ ಅದರ ಜಾಗ ಖಾಲಿ. ಆಗ ಇವರು ಹೇಳಿದ್ದು, ನಾನು ಮೇಲೆ ಹೋಗಲಾಗದಿದ್ದರೆ ಮೇಲಿರುವವರನ್ನೇ ಕೆಳಗೆ ಕರೆಯೋಣ ಅಂತ. ಬೇರೆ ಯಾರಾದರೂ ಹಾರಿಸಿದರೆ ಪಕ್ಕದಲ್ಲಿ ಕೂರಲು ಅಡ್ಡಿಯಿಲ್ಲ. ಎಷ್ಟೋ ಜನ ಕರೆದರು, ಬೇಡ ಅಂದರು. ಒಬ್ಬನ ಪಕ್ಕದಲ್ಲಿ ಮಾತ್ರ ಕೂರುತ್ತಾರೆ ಅಂತ ನನಗೆ ಗೊತ್ತು. ಅವರು ಅದನ್ನು ಬಾಯಿಬಿಟ್ಟು ಕೇಳುವುದಿಲ್ಲ. ಅದಕ್ಕೆ ನಾನು ಕೇಳುತ್ತಿದ್ದೇನೆ.


ಕ್ಯಾಂಟನ್, ಮಿಶಿಗನ್
ಮಂಗಳವಾರ, ಜುಲೈ ೫, ೨೦೦೫

ನೀಲಕ್ಕ,

ನಿಮ್ಮ ಕಾಗದ ಮೂರು ದಿನದಿಂದ ನನ್ನ ಅಡಿಗೆಮನೆಯಲ್ಲಿದೆ. ಈಗ ಅದಕ್ಕೆ ಅರಿಶಿನದ ಬೆರಳಚ್ಚು ಬಿದ್ದಿದೆ, ಆದ್ದರಿಂದ ಇನ್ನು ಅದು ನನ್ನದು. ಫೋನ್ ಎತ್ತದಿದ್ದಕ್ಕೆ ನೀವು ಬೈದದ್ದು ಸರಿ. ಎತ್ತಿದರೆ ನಾನು ಅತ್ತುಬಿಡುತ್ತಿದ್ದೆ, ಇಲ್ಲವೇ ನಿಮ್ಮ ಜೊತೆ ಜಗಳ ಮಾಡುತ್ತಿದ್ದೆ. ಎರಡೂ ಬೇಡ ಅಂತ ಸುಮ್ಮನಿದ್ದೆ.

ನೀವು ಹೇಳಿದ ಮಾತು ಕೇಳಲಿಲ್ಲ. ಪೂರ್ತಿ ಕಾಗದವನ್ನು ಇವರಿಗೆ ಓದಿ ಹೇಳಿದೆ, ತಾ.ಕ. ಸಹಿತ. ಕ್ಷಮಿಸಿಬಿಡಿ. ಗಂಡಂದಿರ ಆರೋಗ್ಯವನ್ನು ಗೆಳೆಯರಿಂದ ಮುಚ್ಚಿಡುವುದು ನಿಮ್ಮ ಊರಿನ ಪದ್ಧತಿಯಾದರೆ ನಮ್ಮ ದಾವಣಗೆರೆಯಲ್ಲಿ ಅದು ಇಲ್ಲ.

ರಂಗೋಲಿಯ ಭಾಗ ಬಂದಾಗ ಇವರು ಕುರ್ಚಿಯಿಂದ ಬೀಳುವುದೊಂದು ಬಾಕಿ. "ಲೇ ಗುರು! ಇಪ್ಪತ್ತು ವರ್ಷ ಹಾರ್ದೋನು ಎಸಳಿನ ಪಕ್ಕ ನಿಂತ್ಕಂಡು ಫೋಟೋ ತೆಗ್ಸ್ಕಂಡನಂತೆ ನೋಡೇ!" ಅಂತ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಈ ಮನೆಯಲ್ಲಿ ಆ ನಗು ಕೇಳಿ ನಾಲ್ಕು ವರ್ಷವಾಗುತ್ತ ಬಂತು ನೀಲಕ್ಕ. ಆಮೇಲೆ ತಾ.ಕ. ಓದಿದೆ. ನಗು ನಿಂತಿತು. ಎದ್ದು ಹಿತ್ತಲಿಗೆ ಹೋಗಿ, ಆಗಷ್ಟೇ ನಾನು ನೀರು ಹಾಕಿದ್ದ ಟೊಮೇಟೊ ಗಿಡಗಳಿಗೆ ಮತ್ತೆ ನೀರು ಹಾಕಿದರು.

ಅವತ್ತಿನ ನಮ್ಮ ಕಡೆಯ ಕಥೆಯನ್ನೂ ಕೇಳಿ. ಗುರು ಅಣ್ಣನ ಕೈಬರಹದ ಕಾಗದ ಬಂದಾಗ ಇವರು ಅದನ್ನು ಫ್ರಿಜ್ ಮೇಲೆ ಅಂಟಿಸಿದರು. ವಾರದ ನಂತರ ನಾನೇ, ಹೋಗೋಣ ನಡೀರಿ ಅಂದೆ. ಆಗಲಿ ಅಂದರು. ನೀಲಕ್ಕ, ಆ ಒಂದು ಪದಕ್ಕೆ ನಾನು ಎಷ್ಟು ದುವಾ ಮಾಡಿದ್ದೆನೋ! ಬೆಳಿಗ್ಗೆ ಎದ್ದು ಖಾರಾ ಮಂಡಕ್ಕಿ ಕಲಸಿದೆ, ದೊಡ್ಡ ಡಬ್ಬಿ. ವಿಮಾನಕ್ಕೆ ತೂಕ ಹೆಚ್ಚಾಗಬಾರದಲ್ಲ, ಮಂಡಕ್ಕಿಗಿಂತ ಹಗುರವಾದ ತಿಂಡಿ ಯಾವುದಿದೆ? ಮಿಶಿಗನ್ ಸರೋವರದ ದಕ್ಷಿಣಕ್ಕೆ ಬಳಸಿಕೊಂಡು, ಶಿಕಾಗೋದ ದೊಡ್ಡ ವಿಮಾನಗಳ ದಾರಿ ಬಿಟ್ಟು ಬಂದೆವು. ಗಾಳಿ ನೈಋತ್ಯದಿಂದ ಇತ್ತು, ಅದಕ್ಕೆ ತಡವಾಯಿತು. ನಿಮ್ಮ ಹೊಲ ಸಿಕ್ಕಿದ್ದು ಹೇಗೆ ಗೊತ್ತೇ? ಜೋಳದ ಹಸಿರಿನ ನಡುವೆ ಕೆಂಪು ಸೆರಗು ಹಾರುತ್ತಿತ್ತು. ಇವರು, "ಅದೇನು?" ಅಂದರು. ಇಲಕಲ್ ಸೀರೆ, ನೀಲಕ್ಕನ ಮನೆ, ಅಂದೆ. ಗಾಳಿ ಸ್ವಲ್ಪ ಓರೆಯಾಗಿದೆ, ಇಳಿಯಲು ತೊಂದರೆಯಿಲ್ಲ ಅಂತಲೂ ಆ ಸೆರಗೇ ಹೇಳಿತು.

ಆಮೇಲೆ ಆ ಗುರುತು ಕಾಣಿಸಿತು.

ಮೊದಲ ಸುತ್ತಿನಲ್ಲಿ ನಾವಿಬ್ಬರೂ ಅದನ್ನೇ ಬಗ್ಗಿ ನೋಡಿದೆವು. ಎರಡನೆಯದರಲ್ಲಿ ನೀವೆಲ್ಲ ಹೊರಗೆ ನಿಂತು ಕೈ ಬೀಸುತ್ತಿರುವುದು ಕಂಡಿತು. ಮೂರನೆಯ ಸುತ್ತಿನಲ್ಲಿ ಇವರು, "ಸಾಕು, ಮನೆಗೆ ಹೋಗೋಣ" ಅಂದರು. ಡಿಕಾಲ್ಬ್‌ನಲ್ಲಿ ಇಳಿದು ಪೆಟ್ರೋಲ್ ಹಾಕಿಸಿದೆವು. ಅಲ್ಲಿ ನಿಮ್ಮ ಅತಿಥಿಗಳು ಆಮ್ಲೆಟ್ ತಿನ್ನುತ್ತಿದ್ದರೆಂದು ನನಗೇನು ಗೊತ್ತು. ಒಳಗೆ ಹೋಗಿದ್ದರೆ ಅವತ್ತೇ ಎಲ್ಲ ತಿಳಿಯುತ್ತಿತ್ತು. ಇವರು ಒಳಗೆ ಬರಲು ಒಪ್ಪಲಿಲ್ಲ. ರೆಕ್ಕೆಯ ಮೇಲೆ ಕೂತು ಮಂಡಕ್ಕಿ ತಿಂದೆವು, ಗಾಳಿಗೆ ಅರ್ಧ ಹಾರಿಹೋಯಿತು. ಅಲ್ಲಿ ಒಂದೇ ಮಾತು ಅಂದರು: "ಗುರುನೂ ಬಾಗ್ಲು ಹಾಕ್ದ." ನಾನು ನಂಬಲಿಲ್ಲ. ಆದರೆ ಕಣ್ಣಿಗೆ ಕಂಡದ್ದನ್ನು ಸುಳ್ಳು ಅನ್ನುವುದು ಹೇಗೆ? ನೀವೇ ಹೇಳಿ.

ಹೋಗಲಿ ಬಿಡಿ. ಜುಲೈ ಹದಿನಾರರ ಶನಿವಾರ ಬರುತ್ತೇವೆ, ಇಬ್ಬನಿ ಆರಿದ ಮೇಲೆ, ದಕ್ಷಿಣದಿಂದ. ಮಳೆ ಬಂದರೆ ಮುಂದಿನ ಶನಿವಾರ. ಹಸಿರು ಎಕ್ಸ್ ಕಂಡರೂ ಇಳಿಯುತ್ತೇವೆ. ಕಮಲವ್ವನಿಗೆ ನನ್ನ ಸಲಾಂ ಹೇಳಿ. ಅವರು ಮತ್ತೆ ರಂಗೋಲಿ ಹಾಕಲೇಬೇಕು, ಆದರೆ ಶೆಡ್‌ನ ಬಾಗಿಲಿಗೆ. ಇಳಿದು ನಡೆದು ಬರುವ ಜಾಗ ಅದಲ್ಲವೇ, ಕಾಲಿಗೆ ಮೊದಲು ಸಿಗುವುದು ಅದೇ ಅಂತ ಹೇಳಿದರೆ ಒಪ್ಪಿಕೊಳ್ಳುತ್ತಾರೆ. ಹುಗ್ಗಿಗೆ ತುಪ್ಪ ಕಡಿಮೆ ಮಾಡಿ, ಗುರು ಅಣ್ಣನಿಗೆ ಇನ್ನು ಮೇಲೆ ಅದು ಬೇಡ. ಉಪ್ಪಿಟ್ಟು ಬಿಸಿ ಇರಲಿ. ಆ ಗೊರಗೊರವನ್ನು ಹೂವಿನ ಬುಟ್ಟಿಯಿಂದ ದೂರ ಇಡಿ.

ನಿಮ್ಮ ಹುಲ್ಲಿನ ಮೇಲೆ ಕಾಲಿಡಲು ಕಾತರಳಾದ,
ನಿಮ್ಮ ತಂಗಿ
ಫರೀದಾ

ತಾ.ಕ.: ನಿಮ್ಮದು ಓದಿದ ಮೇಲೆ ನನಗೂ ಒಂದು ಮುಚ್ಚಿಡಲು ಮನಸ್ಸಾಗುತ್ತಿಲ್ಲ. ಗುರು ಅಣ್ಣನ ಅನುಮಾನ ಸರಿ. ಇವರು ಮೂರು ಸುತ್ತು ಹಾಕುವವರಲ್ಲ. ಹಾಕಿದವಳು ನಾನು. ಇವರು ಕೀಲಿಯನ್ನು ಡ್ರಾಯರಿಗೆ ಹಾಕಿದ ಮೇಲೆ ವಿಮಾನ ನಿಂತಲ್ಲೇ ತುಕ್ಕು ಹಿಡಿಯುತ್ತಿತ್ತು, ಇವರೂ ಹಾಗೇ. ಒಂದು ದಿನ ಆ ಕೀಲಿ ತೆಗೆದುಕೊಂಡು ಹೋಗಿ, ಡೋರಿಸ್ ಎಂಬ ಅಜ್ಜಿಯ ಹತ್ತಿರ ಹಾರಲು ಕಲಿತೆ. ಕಳೆದ ಶರತ್ಕಾಲದಲ್ಲಿ ಲೈಸೆನ್ಸ್ ಬಂತು. ನಿಮ್ಮಲ್ಲಿಗೆ ಬಂದದ್ದೇ ಇವರನ್ನು ಕೂರಿಸಿಕೊಂಡು ಹಾರಿದ ಮೊದಲ ದೂರದ ಪ್ರಯಾಣ. ನಿಮ್ಮ ಮುಂದೆ ಇಳಿದು, ನೀವೆಲ್ಲ ಬಾಯಿ ಬಿಟ್ಟು ನೋಡುವ ಹಾಗೆ ಮಾಡಬೇಕು ಅಂತಿದ್ದೆ. ಇಳಿಯಬಾರದೆಂಬ ಗುರುತು ಕಂಡೂ ಇಳಿಯುವ ಆಸೆಯಿಂದ ಮೂರು ಸಲ ನೋಡಿದೆ. ಇವತ್ತು ಬೆಳಿಗ್ಗೆ ಇವರು ತಾವಾಗಿಯೇ ಡಾಕ್ಟರ ಹತ್ತಿರ ಪೈಲಟ್ ಮೆಡಿಕಲ್‌ಗೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡರು. ಅದಾಗಿ, ಡೋರಿಸ್ ಒಪ್ಪಿ, ಇವರು ಮತ್ತೆ ಒಬ್ಬರೇ ಹಾರಿಸುವಷ್ಟರಲ್ಲಿ ಚಳಿಗಾಲ ಬರುತ್ತದೆ. ಅಲ್ಲಿಯತನಕ ಗುರು ಅಣ್ಣ ನನ್ನ ಪಕ್ಕದಲ್ಲಿ ಕೂರುತ್ತಾರೋ, ಕೇಳಿ ಹೇಳಿ. ಹಿಂದಿನ ಸೀಟಿನಲ್ಲಿ ಅಕ್ರಮ್ ಇರುತ್ತಾರೆ, ಮಂಡಕ್ಕಿ ಡಬ್ಬಿ ಹಿಡಿದುಕೊಂಡು. ಇನ್ನೊಂದು ನೀಲಕ್ಕ, ಹದಿನಾರನೇ ತಾರೀಕು ಯಾರೂ ಕೈ ಬೀಸಬೇಡಿ. ಇಳಿಯುವಾಗ ನನ್ನ ಎರಡೂ ಕೈಗೆ ಕೆಲಸವಿರುತ್ತದೆ, ತಿರುಗಿ ಬೀಸಲು ಆಗುವುದಿಲ್ಲ.